ಕರೆಯದೆ ಬಂದ ಕಣ್ಣು

ಆಕೆಯನ್ನು ನೆನೆದರೆ ಮುಖಕ್ಕಿಂತ ಮೊದಲು ಹಳಸಿದ ಗಂಜಿಯ ವಾಸನೆ ಮೂಗಿಗೆ ಬರುತ್ತದೆ. ಸತ್ತವರ ಬಗ್ಗೆ ಬರೆಯಲು ಕೂತರೆ ಎಲ್ಲರ ಲೇಖನಿಗೂ ದಿಢೀರನೆ ಭಕ್ತಿ ಬಂದುಬಿಡುತ್ತದೆ. ನನಗೆ ಆ ಶಕ್ತಿ ಇಲ್ಲ. ಆಕೆಯನ್ನು ಕಂಡರೆ ನನಗೆ ಅಸಹ್ಯವಾಗುತ್ತಿತ್ತು. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಆ ಅಸಹ್ಯ ಕೊನೆಗೆ ಯಾರ ಮೇಲೆ ಹೋಗಿ ಕೂತಿತು ಎಂಬುದನ್ನೂ ಹೇಳಬೇಕಾಗಿದೆ.

ಆಕೆ ಮದುವೆ ಮನೆಗಳ ಗೋಡೆಯ ಮೇಲೆ ಹಸೆ ಬರೆಯುವವಳು. ಊರು ಹನೂರಿನಾಚೆ, ಬೆಟ್ಟದ ದಾರಿಯಲ್ಲಿರುವ ಅಜ್ಜೀಪುರ. ಕೊಳ್ಳೇಗಾಲ, ಯಳಂದೂರು, ಸತ್ತೇಗಾಲ, ಎಲ್ಲೇ ಮದುವೆ ನಿಶ್ಚಯವಾಗಲಿ, ಬಸ್ಸಿನ ಕಂಡಕ್ಟರನ ಬಾಯಲ್ಲಿ ಹೇಳಿ ಕಳಿಸಿದರೆ ಸಾಕು. ಎರಡು ದಿನದಲ್ಲಿ ಒಂದು ಬಿದಿರು ಮಂಕರಿ ಹೊತ್ತು ಬಂದು ಇಳಿಯುತ್ತಿದ್ದಳು. ಗಂಡುಹೆಣ್ಣನ್ನು ಕೂರಿಸುವ ಕೋಣೆಯ ಗೋಡೆಗೆ ಸುಣ್ಣ ಬಳಿದು, ಅದರ ಮೇಲೆ ಕೆಮ್ಮಣ್ಣು, ಅರಿಶಿನ, ಮಡಕೆಯ ತಳದ ಮಸಿ, ಅವರೆ ಸೊಪ್ಪಿನ ರಸ ಇವಿಷ್ಟರಲ್ಲೇ ಒಂದು ಊರನ್ನು ಎಬ್ಬಿಸಿ ನಿಲ್ಲಿಸುವಳು. ಬಣ್ಣ ಗೋಡೆಗೆ ಕಚ್ಚಲಿ ಎಂದು ಬೇವಿನ ಅಂಟಿಗೆ ನಾಲ್ಕು ದಿನ ಹಳಸಿದ ಗಂಜಿ ಬೆರೆಸುತ್ತಿದ್ದಳು. ಕುಂಚವೆಂದರೆ ಈಚಲ ಕಡ್ಡಿ. ಅದರ ತುದಿಯನ್ನು ಬಾಯಲ್ಲಿಟ್ಟು ಜಗಿದು ಜಗಿದು ನಾರು ಮಾಡಬೇಕು. ಹೊಗೆಸೊಪ್ಪು ಮೆಲ್ಲುವ ಅದೇ ಬಾಯಿ. ಜೊಲ್ಲು ಒರೆಸಿಕೊಂಡ ಅದೇ ಸೆರಗಿನಲ್ಲಿ ದೇವಿಯ ಕೆನ್ನೆಯನ್ನೂ ಒರೆಸುವಳು.

ನಾನು ಆಗ ಕೊಳ್ಳೇಗಾಲದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಪೆನ್ಸಿಲನ್ನು ಹೇಗೆ ಹೆರೆಯಬೇಕು ಎಂಬುದನ್ನೇ ಒಂದು ವಾರ ಕಲಿಸುವವನು. ಕೈವಾರ, ಸ್ಕೇಲು, ಸೆಟ್‌ಸ್ಕ್ವೇರು ಇಲ್ಲದೆ ಗೆರೆ ಎಳೆಯುವವರನ್ನು ಮನುಷ್ಯರೆಂದೇ ಎಣಿಸುತ್ತಿರಲಿಲ್ಲ. ನನ್ನ ತಂಗಿಯ ಮದುವೆಗೆ ಅವ್ವ ಆಕೆಯನ್ನು ಕರೆಸಿದಾಗ ನಾನು ಮನೆಯಲ್ಲಿ ದೊಡ್ಡ ರಂಪ ಮಾಡಿದೆ. ನಾನೇ ಚಂದವಾಗಿ ಒಂದು ಲಕ್ಷ್ಮಿಯನ್ನು ಬರೆದುಕೊಡುತ್ತೇನೆ, ಕ್ಯಾಲೆಂಡರಿನಲ್ಲಿ ಇರುವ ಹಾಗೆ, ಈ ಗಬ್ಬು ಯಾಕೆ ಎಂದೆ. ಅವ್ವ ಕಿವಿಗೇ ಹಾಕಿಕೊಳ್ಳಲಿಲ್ಲ.

ನಮ್ಮ ಮನೆಯ ವಿಷಯ ಸ್ವಲ್ಪ ಹೇಳಬೇಕು. ಅಪ್ಪ ರೇಷ್ಮೆ ನೇಯುವವರು, ಕೊಳ್ಳೇಗಾಲದವರೇ, ಮಾತು ಕನ್ನಡ. ಅವ್ವ ಘಾಟಿ ಇಳಿದರೆ ಸಿಗುವ ಸತ್ಯಮಂಗಲದ ಕಡೆಯವಳು, ಮಾತು ತಮಿಳು. ನಾನು ಅಪ್ಪನ ಹತ್ತಿರ ಒಂದು, ಅವ್ವನ ಹತ್ತಿರ ಇನ್ನೊಂದು ಮಾತಾಡಿಕೊಂಡೇ ಬೆಳೆದವನು. ಅದು ಎರಡು ಎಂದು ಬಹಳ ವರ್ಷ ನನಗೆ ಗೊತ್ತೇ ಇರಲಿಲ್ಲ. ಐವತ್ತಾರರಲ್ಲಿ ನಮ್ಮ ತಾಲ್ಲೂಕು ಕೊಯಮತ್ತೂರು ಜಿಲ್ಲೆ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಸೇರಬೇಕಾದದ್ದೇ, ಸೇರಿತು, ನಾನೂ ಸಿಹಿ ಹಂಚಿದೆ. ಆದರೆ ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತೆತ್ತಿ ಒಗೆದನಂತೆ, ಹಾಗಾಯಿತು ನನ್ನ ಕನ್ನಡ. ಕೊಯಮತ್ತೂರಿನಲ್ಲಿ ಕಲಿತ ನನ್ನ ಡ್ರಾಯಿಂಗ್ ಸರ್ಟಿಫಿಕೇಟನ್ನು ಪೆಟ್ಟಿಗೆಯ ತಳಕ್ಕೆ ಹಾಕಿದೆ. ಅವ್ವ ಬೀದಿಯಲ್ಲಿ ನನ್ನನ್ನು ತಮಿಳಿನಲ್ಲಿ ಕೂಗಿದರೆ ಕೇಳಿಸದವನ ಹಾಗೆ ನಡೆದುಬಿಡುತ್ತಿದ್ದೆ. ಯಾರೂ ನನಗೆ ಹಾಗೆ ಮಾಡು ಎಂದು ಹೇಳಿರಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾರೂ ಹೇಳಿರಲಿಲ್ಲ.

ತಂಗಿಯ ಮದುವೆ ಬಂದದ್ದು ಜನಗಣತಿಯ ವರ್ಷ. ಮೇಷ್ಟ್ರುಗಳನ್ನೆಲ್ಲ ಗಣತಿಗೆ ಹಾಕಿದ್ದರು. ನಾನು ನಮ್ಮ ಬೀದಿ ಮುಗಿಸಿ ನಮ್ಮ ಮನೆಯದನ್ನೇ ಬರೆಯುತ್ತ ಜಗಲಿಯಲ್ಲಿ ಕೂತಿದ್ದೆ. ಆಕೆ ಒಳಗೆ ಗೋಡೆಗೆ ಸುಣ್ಣ ಬಳಿಯುತ್ತಿದ್ದಳು. ಅವ್ವನನ್ನು ತಾಯಿನುಡಿ ಯಾವುದು ಎಂದು ಶಾಸ್ತ್ರಕ್ಕೆ ಕೇಳಿದೆ. ಅವ್ವ ನಕ್ಕು, ತಮಿಳು ಎಂದು ಗೊತ್ತಿಲ್ಲವೇನೋ ನಿನಗೆ, ಹಾಲಿನ ಜೊತೆ ಕುಡಿದೆಯಲ್ಲ ಎಂದಳು. ನಾನು ಕನ್ನಡ ಎಂದು ಬರೆದೆ. ಅವ್ವನಿಗೆ ಓದು ಬರುತ್ತಿರಲಿಲ್ಲ. ಬಾಗಿಲಲ್ಲಿ ಸುಣ್ಣದ ಮಡಕೆ ಹಿಡಿದು ನಿಂತಿದ್ದ ಆಕೆಗೂ ಬರುತ್ತಿರಲಿಲ್ಲ. ಆದರೂ ಬರೆದ ಕೈಯನ್ನೇ ಆಕೆ ನೋಡುತ್ತಿದ್ದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ ನಾನು ಪುಸ್ತಕ ಮುಚ್ಚಿ, ನಿನ್ನದು ಯಾವ ಮಾತಮ್ಮ ಎಂದು ಆಕೆಯನ್ನು ಕೇಳಿದೆ.

“ಯಾರ್ ಮನೆ ಗ್ವಾಡೆ ಬರೀತೀನೋ ಆ ಮನೆ ಮಾತು ಕಣ್ ಮೇಷ್ಟ್ರೇ,” ಎಂದಳು. “ಬರ್ಕಳಿ ಬೇಕಾದ್ರೆ.”

ಅದಕ್ಕೆ ನನ್ನ ಪುಸ್ತಕದಲ್ಲಿ ಜಾಗ ಇರಲಿಲ್ಲ. ಆಕೆಯ ಬಾಯಲ್ಲಿ ನಿಜವಾಗಿ ಎಷ್ಟು ಮಾತುಗಳಿದ್ದವು ಎಂಬುದು ನನಗೆ ಇವತ್ತಿಗೂ ತಿಳಿಯದು. ನಮ್ಮ ಅಪ್ಪನೊಂದಿಗೆ ಕನ್ನಡ. ಅವ್ವನೊಂದಿಗೆ ತಮಿಳು, ಅದೂ ಅವ್ವನ ಊರಿನ ರಾಗದಲ್ಲೇ. ಪಕ್ಕದ ಮಗ್ಗದ ಮನೆಯ ಮುದುಕಿಯೊಂದಿಗೆ ತೆಲುಗು. ಬಳೆಗಾರ್ತಿ ಬಂದಾಗ ಅವಳೊಂದಿಗೆ ಅರ್ಧಂಬರ್ಧ ಉರ್ದು. ಬಿಳಿಗಿರಿ ಬೆಟ್ಟದಿಂದ ಜೇನು ತರುವ ಸೋಲಿಗರೊಂದಿಗೆ ಅವರ ಮಾತು. ಯಾವುದನ್ನೂ ಶುದ್ಧವಾಗಿ ಆಡಿದವಳಲ್ಲ. ಆಕೆ ಬಣ್ಣ ಕಲಸುವ ತೆಂಗಿನ ಚಿಪ್ಪುಗಳ ಹಾಗೆ ಒಂದರದ್ದು ಇನ್ನೊಂದಕ್ಕೆ ಸಿಡಿದೇ ಇರುತ್ತಿತ್ತು. ಅದೂ ನನಗೆ ಅಸಹ್ಯವೇ.

ಬರೆಯುವ ರೀತಿಯೂ ಹಾಗೆಯೇ. ನಡುವೆ ಚೌಕದೊಳಗೆ ಒಬ್ಬಳು ಹೆಣ್ಣು, ಆಕೆ ಅವಳನ್ನು ಮನೆಯವ್ವ ಎನ್ನುತ್ತಿದ್ದಳು. ಸುತ್ತ ಸೂರ್ಯ, ಚಂದ್ರ, ಪಲ್ಲಕ್ಕಿ, ಗಿಣಿ, ಬಾಳೆಕಂಬ. ಅಷ್ಟಾದ ಮೇಲೆ ಆಯಾ ಮನೆಯಲ್ಲಿ ಕಣ್ಣಿಗೆ ಬಿದ್ದದ್ದೆಲ್ಲ. ನಮ್ಮ ಗೋಡೆಯಲ್ಲಿ ಅಪ್ಪನ ಮಗ್ಗ ಬಂತು, ಅವ್ವನ ಮುರಿದ ಕೊಡೆ ಬಂತು, ಹಾಲು ಕದಿಯುವ ಬೆಕ್ಕು ಬಂತು. ಮೂಲೆಯಲ್ಲಿ ಮಡಕೆಯಂಥ ತಲೆಯವನೊಬ್ಬ ಉದ್ದ ಕೋಲು ಹಿಡಿದು ನಿಂತಿದ್ದ. ಯಾರಿವನು ಎಂದು ಕೇಳಿದೆ. ಅದು ಕೋಲಲ್ಲ, ಸ್ಕೇಲು ಎಂದಳು. ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರು. ತಂಗಿ ಅಷ್ಟು ನಕ್ಕದ್ದನ್ನು ನಾನು ನೋಡಿರಲಿಲ್ಲ, ಆದರೂ ನನ್ನ ಸಿಟ್ಟು ಇಳಿಯಲಿಲ್ಲ.

ಕೊನೆಯ ದಿನ ಎಲ್ಲ ಮುಗಿದರೂ ಮನೆಯವ್ವನ ಕಣ್ಣು ಮಾತ್ರ ಖಾಲಿ. ಅದಕ್ಕೊಂದು ಕಟ್ಟಳೆ ಇತ್ತು. ಆ ಮನೆಗೆ ಬಂದುಹೋಗುವವರಲ್ಲಿ ಎಷ್ಟು ಮಾತಿನವರು ಇದ್ದಾರೋ ಅಷ್ಟೂ ಮಾತಿನಲ್ಲಿ ಒಬ್ಬೊಬ್ಬರು ಗೋಡೆಯ ಮುಂದೆ ನಿಂತು ಅವಳನ್ನು ಒಳಗೆ ಕರೆಯಬೇಕು. ಬೇರೇನೂ ಇಲ್ಲ, ಬಾ ಎಂದರೆ ಆಯಿತು. ಅಷ್ಟೂ ಕರೆ ಆಗದೆ ಆಕೆ ಕಣ್ಣು ಇಡುತ್ತಿರಲಿಲ್ಲ. ನಾನು ಇದೇನು ಹುಚ್ಚು ಎಂದು ಕೇಳಿದ್ದಕ್ಕೆ ಈಚಲ ಕಡ್ಡಿ ಜಗಿಯುತ್ತಲೇ ಹೇಳಿದಳು.

“ಕರೀದೇ ನೀವು ಯಾರ್ ಮನೆಗಾದ್ರೂ ಓಯ್ತೀರಾ? ಅವಳೂ ಅಂಗೇಯ. ಒಬ್ರು ಕರ್ದು ಒಬ್ರು ಸುಮ್ಕಿದ್ರೆ, ಬಂದ್ರೂ ಮೊಕ ತಿರುಗಿಸ್ಕೊಂಡ್ ಕೂತ್ಕತಾಳೆ.”

ಸೋದರತ್ತೆ ಬಾರವ್ವ ಎಂದಳು. ಪಕ್ಕದ ಮನೆಯ ಮುದುಕಿ ರಾ ತಲ್ಲಿ ಎಂದಳು. ಬಳೆಗಾರ್ತಿ ತನ್ನ ಮಾತಿನಲ್ಲಿ ಕರೆದಳು. ನಮ್ಮ ಅವ್ವ ತಲೆಯ ಮೇಲೆ ಸೆರಗು ಹೊದ್ದು, ಮಗಳನ್ನು ತವರಿಗೆ ಕರೆಯುವ ದನಿಯಲ್ಲಿ, “ವಾಮ್ಮಾ, ವೀಟ್ಟುಕ್ಕು ವಾ,” ಎಂದಳು. ಬಾರಮ್ಮ, ಮನೆಗೆ ಬಾ. ಆಗ ಆಕೆ ಮಸಿಯಲ್ಲಿ ಅದ್ದಿದ ಜಾಲಿಮುಳ್ಳಿನಿಂದ ಎರಡೇ ಎರಡು ಚುಕ್ಕೆ ಇಟ್ಟು, ಹಿಂದಿರುಗಿ ನೋಡದೆ ಹಿತ್ತಿಲ ಬಾಗಿಲಿಂದ ಹೊರಟುಹೋದಳು. ನಾನು ಅಲ್ಲೇ ನಿಂತಿದ್ದೆ. ಸಾಲಿನಲ್ಲಿ ನಿಂತ ಹುಡುಗನನ್ನು ಮೇಷ್ಟ್ರು ನೋಡುವಂತೆ ಆ ಚುಕ್ಕೆಗಳು ನನ್ನನ್ನು ನೋಡಿದವು. ಅಷ್ಟು ಕೆಟ್ಟ ಅಳತೆಯ ಮುಖದಲ್ಲಿ ಅದು ಹೇಗೆ ಬಂತು ಎಂದು ನಾನು ಬಹಳ ದಿನ ಯೋಚಿಸಿದೆ.

ಆಮೇಲಿನ ವರ್ಷಗಳಲ್ಲಿ ಆಕೆ ಕೊಳ್ಳೇಗಾಲಕ್ಕೆ ಬಂದಾಗಲೆಲ್ಲ ಅವ್ವನನ್ನು ನೋಡದೆ ಹೋಗುತ್ತಿರಲಿಲ್ಲ. ಇಬ್ಬರೂ ಹಿತ್ತಿಲಲ್ಲಿ ಕೂತು ತಮಿಳಿನಲ್ಲಿ ಗಂಟೆಗಟ್ಟಲೆ ಹರಟುವರು. ಬೀದಿಗೆ ಕೇಳೀತು ಎಂದು ನಾನು ಮುಂಬಾಗಿಲು ಹಾಕುತ್ತಿದ್ದೆ. ಅವ್ವ ತೀರಿಕೊಂಡಾಗ ಮೂರನೆಯ ದಿನ ಬಂದಳು. ಅಳಲಿಲ್ಲ. ತಾನು ಅವ್ವನ ಕೊಡೆ ಬರೆದಿದ್ದ ಗೋಡೆಯ ಮುಂದೆ ಸ್ವಲ್ಪ ಹೊತ್ತು ಕೂತಿದ್ದು ಎದ್ದು ಹೋದಳು.

ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದ ವರ್ಷ ನಮ್ಮ ಊರಲ್ಲೂ ಒಂದು ಸಮಿತಿ ಹುಟ್ಟಿತು. ಅಧ್ಯಕ್ಷರು ಒಬ್ಬ ಅಕ್ಕಿ ಗಿರಣಿಯ ಯಜಮಾನರು. ಕೆಟ್ಟವರಲ್ಲ, ಆದರೆ ಮೈಕು ಕಂಡರೆ ಎದೆ ಉಬ್ಬಿಸುವವರು. ಹೊಸದಾಗಿ ಕಟ್ಟಿದ ಸಭಾಭವನದ ಗೋಡೆಯ ಮೇಲೆ ನಮ್ಮ ನಾಡಿನ ಜಾನಪದ ಚಿತ್ರ ಬರೆಸಬೇಕು, ಮೈಸೂರಿನಿಂದ ದೊಡ್ಡ ವಿದ್ವಾಂಸರು ಬಂದು ನೋಡುತ್ತಾರೆ ಎಂದಾಯಿತು. ಆ ಹೊತ್ತಿಗೆ ಜಾನಪದ ಎಂಬ ಮಾತಿಗೆ ಬೆಲೆ ಬಂದಿತ್ತು. ಹಿಂದೆ ಗಬ್ಬು ಎಂದವರೆಲ್ಲ ಈಗ ಸೊಗಡು ಎನ್ನುತ್ತಿದ್ದರು. ನಾನೂ ಎಂದೆ. ಆಕೆಯನ್ನು ನಾನೇ ಕಂಡುಹಿಡಿದೆ ಎಂಬಂತೆ ಸಭೆಯಲ್ಲಿ ಮಾತಾಡಿ, ಕರೆಸುವ ಹೊಣೆ ಹೊತ್ತೆ.

ಆಕೆಗೆ ಆಗಲೇ ವಯಸ್ಸಾಗಿತ್ತು, ಬಲಗೈ ನಡುಗುತ್ತಿತ್ತು. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡು ಬರೆದಳು. ಮದುವೆ ಮನೆಯಲ್ಲಿ ಎರಡು ದಿನದ ಕೆಲಸ, ಇಲ್ಲಿ ಆರು ದಿನ ಹಿಡಿಯಿತು. ಹಲಗೆಯ ಮೇಲೆ ನಿಂತು, ಮದುವೆಯೇ ಇಲ್ಲದ ಇಷ್ಟು ದೊಡ್ಡ ಮನೆ ತಾನು ನೋಡಿಲ್ಲ ಎಂದು ಗೊಣಗುತ್ತಲೇ ಬರೆದಳು. ಆ ಗೋಡೆಯ ಮೇಲೆ ಏನಿರಲಿಲ್ಲ! ಕಾವೇರಿ ಇದ್ದಳು, ಸತ್ತೇಗಾಲದ ಭತ್ತದ ಗದ್ದೆ ಇತ್ತು, ಲೊಕ್ಕನಹಳ್ಳಿಯ ಹೊಲಕ್ಕೆ ನುಗ್ಗಿದ ಆನೆ, ಮಗ್ಗಗಳ ಸಾಲು, ಬಸ್ಸು, ಬಸ್ಸಿನೊಳಗೆ ಒಬ್ಬೊಬ್ಬರೂ ಒಂದೊಂದು ರೀತಿ ತಲೆಗೆ ಸುತ್ತಿಕೊಂಡ ಜನ. ಒಂದು ಮೂಲೆಯಲ್ಲಿ ಮುರಿದ ಕೊಡೆ ಹಿಡಿದ ಹೆಂಗಸು. ಅವಳು ಯಾರೆಂದು ನನಗೆ ಗೊತ್ತಾಯಿತು.

ಆರನೆಯ ದಿನ ಮಧ್ಯಾಹ್ನ ಅಧ್ಯಕ್ಷರು ಸಮಿತಿಯವರನ್ನು ಕಟ್ಟಿಕೊಂಡು ಬಂದರು. ಮಾರನೆಯ ದಿನವೇ ಸಮಾರಂಭ. ಮನೆಯವ್ವನ ಕಣ್ಣು ಖಾಲಿ ಇತ್ತು. ಆಕೆ ಸೆರಗಲ್ಲಿ ಕೈ ಒರೆಸಿಕೊಂಡು, ಕರೆಯಬೇಕು ಎಂದಳು. ಅಧ್ಯಕ್ಷರಿಗೆ ಇದು ಬಹಳ ಹಿಡಿಸಿತು. ಮೈಕಿನ ಮುಂದೆ ನಿಂತವರಂತೆ, ಬಾ ತಾಯಿ, ಬಾ ಎಂದು ಕನ್ನಡದಲ್ಲಿ ಗಟ್ಟಿಯಾಗಿ ಕರೆದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಕೆ ಕದಲಲಿಲ್ಲ. ಇನ್ನು ಉಳಿದವರು ಕರೀಲಿ ಎಂದಳು. ಭವನದ ಕಾವಲಿನ ಮುದುಕ, ಮಗ್ಗದ ಮನೆಯವನು, ಹಿಂದುಮುಂದು ನೋಡಿ ತೆಲುಗಿನಲ್ಲಿ ಮೆಲ್ಲಗೆ ಕರೆದ. ಅಧ್ಯಕ್ಷರ ಹುಬ್ಬು ಗಂಟಾಯಿತು. ನಾಳೆ ಯಾವ ದಿನ, ಇದು ಯಾತರ ಗೋಡೆ ಎಂದು ಗೊಣಗಿದರು. ಬೈದರು ಎಂದೇನಲ್ಲ, ಗೊಣಗಿದರು ಅಷ್ಟೆ.

ಆಗ ಆಕೆ ನನ್ನ ಕಡೆ ತಿರುಗಿದಳು. ಸಹಜವಾಗಿ, ನೀರು ಕೊಡಿ ಎಂದು ಕೇಳುವಂತೆ ಕೇಳಿದಳು.

“ಮೇಷ್ಟ್ರೇ, ನಿಮ್ಮವ್ವ ಕರೀತಿದ್ರಲ್ಲ, ಅಂಗೆ ಒಂದ್ ಕಿತ ಕರ್ದ್‌ಬುಡಿ.”

ಎಲ್ಲರೂ ನನ್ನನ್ನು ನೋಡಿದರು. ಆ ವರ್ಷ ನನ್ನ ಹೆಡ್‌ಮಾಸ್ಟರಿಕೆಯ ಕಾಗದ ಮೇಲೆ ಹೋಗಿತ್ತು, ಅಧ್ಯಕ್ಷರು ಒಂದು ಮಾತು ಹೇಳುತ್ತೇನೆ ಎಂದಿದ್ದರು. ಇದನ್ನು ನೆಪವಾಗಿ ಹೇಳುತ್ತಿಲ್ಲ. ಆ ಕಾಗದ ಇಲ್ಲದಿದ್ದರೂ ನಾನು ಅದನ್ನೇ ಹೇಳುತ್ತಿದ್ದೆ ಎಂದು ನನಗೆ ಗೊತ್ತು.

“ನನಗೆ ತಮಿಳು ಬರೋದಿಲ್ಲವಮ್ಮ,” ಎಂದೆ.

ಆಕೆ ನನ್ನನ್ನೂ ನೋಡಿದಳು, ಗೋಡೆಯ ಮೂಲೆಯ ಕೊಡೆಯ ಹೆಂಗಸನ್ನೂ ನೋಡಿದಳು. ಹಲಗೆಯ ಮೇಲಿಂದ ಒಂದೊಂದೇ ಚಿಪ್ಪನ್ನು ಇಳಿಸಿ ತೊಳೆದು ಮಂಕರಿಗೆ ತುಂಬಿದಳು. ಈಚಲ ಕಡ್ಡಿಗಳನ್ನು ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕಣ್ಣು ಇಡದೆ ಹೋದರೆ ಹೇಗೆ ಎಂದು ಅಧ್ಯಕ್ಷರು ದನಿ ಏರಿಸಿದರು. ಆಕೆ ಉತ್ತರ ಕೊಟ್ಟದ್ದು ಅವರಿಗಲ್ಲ, ನನಗೆ.

“ಕಣ್ ಇಲ್ದಿದ್ರೇ ವಾಸಿ ಬುಡಪ್ಪ. ನೋಡಾದಾದ್ರೂ ತಪ್ತದೆ.”

ಮೇಷ್ಟ್ರೇ ಎನ್ನಲಿಲ್ಲ. ಹನ್ನೆರಡು ವರ್ಷದಲ್ಲಿ ಅದೇ ಮೊದಲು.

ಆಕೆ ಹೋದ ಮೇಲೆ ನಾನು ಮಾಡಿದ್ದನ್ನು ಬರೆಯುವುದಕ್ಕೆ ನನ್ನ ಕೈಗೇ ಹೇಸಿಗೆ. ನಾನೇ ಹಲಗೆ ಹತ್ತಿದೆ. ಸ್ಕೂಲಿನಿಂದ ಎಣ್ಣೆ ಬಣ್ಣದ ಡಬ್ಬಿ, ಒಳ್ಳೆಯ ಬ್ರಷ್ಷು ತರಿಸಿದೆ. ಸ್ಕೇಲು ಇಟ್ಟು ಎರಡು ಕಣ್ಣಿನ ಅಂತರ ಅಳೆದೆ. ರೆಪ್ಪೆ, ಹುಬ್ಬು, ಕರಿಗುಡ್ಡೆ, ಗುಡ್ಡೆಯೊಳಗೆ ಬೆಳಕಿನ ಬಿಳಿ ಚುಕ್ಕೆ ಎಲ್ಲವನ್ನೂ ಕ್ಯಾಲೆಂಡರಿನ ಲಕ್ಷ್ಮಿಯ ಹಾಗೆಯೇ ಬರೆದೆ. ಹನ್ನೆರಡು ವರ್ಷದ ಹಿಂದೆ ಅವ್ವ ಬೇಡ ಎಂದದ್ದನ್ನು ಹೀಗೆ ತೀರಿಸಿಕೊಂಡೆ. ಮಾರನೆಯ ದಿನ ವಿದ್ವಾಂಸರು ಗೋಡೆಯ ಮುಂದೆ ನಿಂತು ಅಪ್ಪಟ ನೆಲದ ಕಲೆ ಎಂದರು. ಅದರಲ್ಲೂ ಆ ಕಣ್ಣುಗಳನ್ನು ನೋಡಿ, ಇಂಥ ಕಣ್ಣು ಬರೆಯಲು ಓದು ಬೇಕಿಲ್ಲ, ಹುಟ್ಟಿನಿಂದ ಬರಬೇಕು ಎಂದು ಕೊಂಡಾಡಿದರು. ಅಧ್ಯಕ್ಷರು ಆಕೆಯ ಪರವಾಗಿ ಎಂದು ನನಗೆ ಶಾಲು ಹೊದಿಸಿದರು. ನಾನು ತಲೆ ಬಗ್ಗಿಸಿ ಹೊದಿಸಿಕೊಂಡೆ. ಗಬ್ಬು ವಾಸನೆ ಎಂದರೆ ಏನೆಂದು ಆವತ್ತು ತಿಳಿಯಿತು, ಅದು ಗಂಜಿಯದಲ್ಲ.

ಆಕೆ ಮತ್ತೆ ಕೊಳ್ಳೇಗಾಲಕ್ಕೆ ಬರಲಿಲ್ಲ. ಹೇಳಿ ಕಳಿಸಿದವರಿಗೆ ಕೈ ಆಗದು ಎಂದಳಂತೆ. ಭವನವನ್ನು ಆಮೇಲೆ ಎಲ್ಲದಕ್ಕೂ ಬಾಡಿಗೆಗೆ ಕೊಟ್ಟರು. ಗೋಡೆಗೆ ಒರಗಿಸಿ ಕುರ್ಚಿ ಪೇರಿಸಿದರು, ಕಾವೇರಿಯ ಮೇಲೆ ಎಲೆಯಡಿಕೆ ಉಗಿದರು. ಎರಡು ಮಳೆಗಾಲಕ್ಕೆ ಸೂರು ಸೋರಿ ಸುಣ್ಣ ಉಬ್ಬಿ ಆನೆ ಉದುರಿತು, ಬಸ್ಸು ಉದುರಿತು, ಕೊಡೆಯ ಹೆಂಗಸೂ ಉದುರಿದಳು. ಎಣ್ಣೆ ಬಣ್ಣ ಮಾತ್ರ ಹಿಡಿದುಕೊಂಡಿತು. ಮುಖವಿಲ್ಲದ ಬೋಳು ಗೋಡೆಯ ಮೇಲೆ ಎರಡು ಕಣ್ಣು, ರೆಪ್ಪೆ ಹುಬ್ಬು ಸಮೇತ. ನಾನು ಹೆಡ್‌ಮಾಸ್ಟರಾದೆ. ಸ್ಕೂಲಿಗೆ ಆ ಭವನದ ಮುಂದೆಯೇ ದಾರಿ, ನಾನು ಕೆರೆ ಸುತ್ತಿಕೊಂಡು ಹೋಗುತ್ತಿದ್ದೆ.

ಆಕೆ ಸತ್ತ ಸುದ್ದಿ ಕೊಟ್ಟವನು ನನ್ನ ಹಳೆಯ ವಿದ್ಯಾರ್ಥಿ, ಈಗ ಅಜ್ಜೀಪುರದ ಶಾಲೆಯ ಮೇಷ್ಟ್ರು. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ, ಯಾವುದೋ ಮಾತಿನ ನಡುವೆ ಹೇಳಿದ. ಆಗಲೇ ಒಂದು ತಿಂಗಳಾಗಿತ್ತಂತೆ. ನಾನು ಹನೂರಿನ ಬಸ್ಸು ಹತ್ತಿದೆ.

ಎರಡು ಅಂಕಣದ ಮನೆ. ಬಾಗಿಲಲ್ಲಿ ಆಕೆಯ ಸೊಸೆ ರಾಗಿ ಕೇರುತ್ತಿದ್ದಳು. ಆಕೆಯನ್ನು ಬಲ್ಲವನು, ಕೊಳ್ಳೇಗಾಲದವನು ಎಂದೆ. ಅವಳು ಹೆಸರು ಕೇಳಲಿಲ್ಲ. ಒಳಗೆ ಕರೆದು ಚಾಪೆ ಹಾಸಿದಳು. ಎದುರಿನ ಗೋಡೆಯಲ್ಲಿ ಮನೆಯವ್ವ ಇದ್ದಳು. ಗೆರೆಗಳೆಲ್ಲ ನಡುಗಿದ್ದವು, ಕೆಮ್ಮಣ್ಣು ಚೌಕದಾಚೆ ಚೆಲ್ಲಿತ್ತು. ಮೊಮ್ಮಗಳ ಮದುವೆ ನಿಶ್ಚಯವಾಗಿತ್ತಂತೆ. ಕೈ ಆಗದು ಎಂದವಳು ಎರಡೂ ಕೈಯಲ್ಲಿ ಕಡ್ಡಿ ಹಿಡಿದು ಬರೆದಳಂತೆ, ಕಣ್ಣು ಇಡುವ ಮೊದಲೇ ಕಣ್ಣು ಮುಚ್ಚಿದಳಂತೆ. ವರ್ಷದೊಳಗೆ ಮದುವೆ ಮಾಡಿಬಿಡಿ ಎಂದು ಹಿರಿಯರು ಹೇಳಿದ್ದಾರೆ, ಅಷ್ಟರೊಳಗೆ ಕರೆಗಳಾಗಬೇಕು ಎಂದು ಸೊಸೆ ಹೇಳಿದಳು.

ಗೋಡೆಯ ಬುಡದಲ್ಲಿ ಮಸಿಯ ಚಿಪ್ಪು, ಅದರ ಮೇಲೆ ಜಾಲಿಮುಳ್ಳು ಇತ್ತು. ನನ್ನ ಕೈ ತಾನಾಗಿ ಅತ್ತ ಹೋಯಿತು. ಎಂಥ ನಾಚಿಕೆಗೆಟ್ಟ ಕೈ ನೋಡಿ. ಕಣ್ಣು ನಾನು ಇಡಲೇನಮ್ಮ, ನಾನೂ ಡ್ರಾಯಿಂಗ್ ಮೇಷ್ಟ್ರಾಗಿದ್ದವನು ಎಂದೆ.

ಅವಳು ಚಿಪ್ಪನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡಳು.

“ಕಣ್ಣು ನಾವ್ ಇಡ್ತೀವಿ ಸಾ. ನೀವು ಕರೀರಿ, ಸಾಕು. ನಿಮ್ದು ಯಾವ್ ಮಾತು?”

ಬಂದವರನ್ನೆಲ್ಲ ಕೇಳುವಂತೆ ನನ್ನನ್ನೂ ಕೇಳಿದಳು. ಅದನ್ನೇ ನಾನು ಒಂದು ಕಾಲದಲ್ಲಿ ಬೀದಿಯ ಉದ್ದಕ್ಕೂ ಕೇಳಿ, ಹೇಳಿದ್ದನ್ನೇ ಬರೆದುಕೊಂಡಿದ್ದೆ, ನನ್ನ ಅವ್ವನದೊಂದನ್ನು ಬಿಟ್ಟು. ತಮಿಳು ಎಂದೆ. ಎದ್ದು ಗೋಡೆಯ ಮುಂದೆ ನಿಂತು, ವಾಮ್ಮಾ, ವೀಟ್ಟುಕ್ಕು ವಾ ಎಂದೆ. ಎಷ್ಟೋ ವರ್ಷ ಬಳಸದ ಮಾತು, ದನಿ ಗೊಗ್ಗರಾಗಿ ಬಂತು, ಆದರೆ ರಾಗ ಅವ್ವನದೇ ಇತ್ತು. ಸೊಸೆ ಸರಿ ಎಂದು ತಲೆಯಾಡಿಸಿದಳು. ಇನ್ನೂ ಇಬ್ಬರು ಕರೆಯುವುದು ಬಾಕಿ ಇದೆ, ಅವರು ಬಂದ ಮೇಲೆ ಕಣ್ಣು ಎಂದಳು.

ಕೊನೆಯ ಬಸ್ಸಿಗೆ ಇನ್ನೂ ಹೊತ್ತಿತ್ತು, ಆದರೂ ನಾನು ಎದ್ದೆ. ಕರೆದೆನಲ್ಲ ಎಂದು ದಾರಿಯಲ್ಲಿ ಒಂದು ಕ್ಷಣ ಎದೆ ಹಗುರಾಗಲು ಹೊರಟಿತ್ತು. ಅದಕ್ಕೂ ನನ್ನ ಮೇಲೆ ಅಸಹ್ಯವಾಯಿತು. ಕರೆದದ್ದಾದರೂ ಎಲ್ಲಿ? ಅಧ್ಯಕ್ಷರಿಲ್ಲದ, ಸಮಿತಿಯಿಲ್ಲದ, ನನ್ನ ಹೆಸರನ್ನೂ ಕೇಳದ ಮನೆಯಲ್ಲಿ. ಅದೂ ಅವ್ವ ಸತ್ತ ಮೇಲೆ, ಆಕೆ ಸತ್ತ ಮೇಲೆ, ಗೋಡೆಗೆ ಇನ್ನೂ ಕಣ್ಣು ಬಾರದಿದ್ದಾಗ.